ತಂತಿಯ ಮೇಲೆ ಚಹಾ ಕಾಯಿಸಿದ ಅಕ್ಕ

ಬಫೂನ್ ತಾತ ಬಾಯಿ ಬಿಟ್ಟರೆ ಬರೀ ಬುರುಡೆ ಎಂಬುದು ಸರ್ಕಸ್ಸಿನ ಕುದುರೆಗಳಿಗೂ ಗೊತ್ತಿತ್ತು. ಸಂಶೋಧನೆ ಎಂದು ಯಾರೇ ಪೆನ್ನು ಹಿಡಿದು ಬರಲಿ, ಆನೆ ಸೈಕಲ್ಲಿಗೆ ಪಂಕ್ಚರ್ ಹಾಕಿದ್ದು, ಸಿಂಹ ಹಲ್ಲುಸೆಟ್ಟು ಕಟ್ಟಿಸಿಕೊಂಡಿದ್ದು, ಎಲ್ಲವನ್ನೂ ಕಣ್ಣು ಮಿಟುಕಿಸದೆ ಬರೆಸಿ ಕಳಿಸುತ್ತಿದ್ದ.

ಈ ಸಲ ಬಂದ ಮೇಡಂ ಹಾಗೆಲ್ಲ ಬಗ್ಗುವ ಆಸಾಮಿಯಲ್ಲ. ಹಳೆಯ ಸರ್ಕಸ್ ಕಲಾವಿದರ ಮೇಲೆ ಪುಸ್ತಕ ಬರೆಯುತ್ತಿದ್ದ ಅವಳು ಹಿಂದಿನವರು ಬರೆದದ್ದನ್ನೆಲ್ಲ ಅರೆದು ಕುಡಿದೇ ಬಂದಿದ್ದಳು.

"ತಾತ, ಸಿಂಹದ ಹಲ್ಲು ಒಬ್ಬರ ಹತ್ರ ಬೆಳ್ಳಿದು ಅಂದಿದ್ದೀರಿ, ಇನ್ನೊಬ್ಬರ ಹತ್ರ ಮರದ್ದು."

"ಬೆಳ್ಳಿದು ಶೋಗೆ, ಮರದ್ದು ಊಟಕ್ಕೆ."

ಆದರೆ ಇವತ್ತು ತಾತನಿಗೆ ಒಂದೇ ಒಂದು ನಿಜ ಹೇಳಬೇಕಿತ್ತು. ಡೇರೆಯ ಹಿಂದೆ ಎಲ್ಲರ ವೇಷದ ಬಟ್ಟೆ ಒಗೆಯುವ ಅವನ ಅಕ್ಕ ಒಂದು ಕಾಲದಲ್ಲಿ ತಂತಿಯ ಮೇಲೆ ನಡೆಯುತ್ತಿದ್ದಳು. ನಟ್ಟನಡುವೆ ನಿಂತು ಸ್ಟೌ ಹಚ್ಚಿ ಚಹಾ ಕಾಯಿಸುತ್ತಿದ್ದಳು. ಅದನ್ನು ನೋಡಿದ್ದ ಬೇರೆಯವರೆಲ್ಲ ತೀರಿಹೋಗಿದ್ದರು. ಫೋಟೊಗಳನ್ನು ಗೆದ್ದಲು ತಿಂದಿತ್ತು. ಪುಸ್ತಕದಲ್ಲಿ ಹೆಸರು ಬಾರದಿದ್ದರೆ ಅಕ್ಕ ಬಟ್ಟೆ ಒಗೆಯುವ ಮುದುಕಿಯಾಗಿಯೇ ಉಳಿದುಬಿಡುತ್ತಿದ್ದಳು.

ತಾತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಮೇಡಂ ಪೆನ್ನಿನ ಕ್ಯಾಪು ಹಾಕಿದಳು. "ಆ ಚಹಾಗೆ ಹಾಲು ಕೊಡೋಕೆ ಹಸುನೂ ತಂತಿ ಮೇಲೆ ಬರ್ತಿತ್ತಾ?"

ತಾತನ ಮುಖ ಚಿಕ್ಕದಾಯಿತು. "ಇಲ್ಲ ತಾಯಿ," ಎಂದ ಮೆಲ್ಲಗೆ. "ಬರೀ ಕಪ್ಪು ಚಹಾ."

ಅಷ್ಟರಲ್ಲಿ ಒದ್ದೆ ಕಾಲಿನ ಅಕ್ಕ ಬಕೆಟ್ ಹಿಡಿದು ಅವರಿಬ್ಬರು ಕೂತಿದ್ದ ಮೇಕಪ್ ಕೋಣೆಗೆ ಬಂದಳು. "ಲೋ, ನಿನ್ನ ತೇಪೆ ಚಡ್ಡಿ ಎಲ್ಲೋ? ಪಾಪ, ಈ ಹುಡುಗಿ ಕಿವಿಗೂ ಹೂ ಇಡ್ತಿದ್ದೀಯಾ?"

ಎದುರು ಗೋಡೆಯ ಮೊಳೆಯಿಂದ ಚಡ್ಡಿ ಎಳೆದುಕೊಂಡು ಬಾಗಿಲಿಗೆ ಮರಳಿದಳು.

ಮೇಡಂ ಹಲಗೆ ಹಾಸಿದ ನೆಲ ನೋಡುತ್ತಾ ಕುಳಿತಳು. ಬಾಗಿಲಿಂದ ಮೊಳೆಯವರೆಗೆ, ಅಂಗೈಯಗಲದ ಒಂದೇ ಹಲಗೆಯ ಮೇಲೆ, ಬೆರಳಿಗೆ ಹಿಮ್ಮಡಿ ತಾಗುವಂತೆ ಒದ್ದೆ ಹೆಜ್ಜೆಗಳು ದಾರ ಹಿಡಿದಂತೆ ಬಿದ್ದಿದ್ದವು. ಹೋದದ್ದೂ ಅಲ್ಲೇ, ಬಂದದ್ದೂ ಅಲ್ಲೇ. ಪಕ್ಕದ ಹಲಗೆಗೆ ಒಂದು ಹನಿ ನೀರೂ ಸೋಕಿರಲಿಲ್ಲ.

ಅವಳು ಮಂಡಿಯೂರಿ ಸ್ಕೇಲಿಟ್ಟು ನೋಡಿದಳು. "ಅಜ್ಜಿ, ಯಾಕೆ ಹೀಗೆ ನಡೀತೀರಿ?"

ಅಕ್ಕ ತನ್ನ ಕಾಲನ್ನೇ ನೋಡಿಕೊಂಡಳು. "ಇನ್ನು ಹೇಗೆ ನಡೀಲಿ? ಪಕ್ಕಕ್ಕೆ ಇಟ್ರೆ ಬಿದ್ದುಹೋಗಲ್ವಾ?"

ಮೇಡಂ ಪೆನ್ನಿನ ಕ್ಯಾಪು ತೆಗೆದಳು. "ಬಕೆಟ್ ಕೆಳಗಿಡಿ ಅಜ್ಜಿ. ಕೂತ್ಕೊಂಡು ನಿಮ್ಮ ಪೂರ್ತಿ ಹೆಸರು ಹೇಳಿ."

ತಾತ ಹೆಗಲ ಮೇಲಿನ ಚೌಕದಿಂದ ಮೂಗು ಒರೆಸಿಕೊಂಡ. ಖುಷಿಗೆ ಉಬ್ಬಿಹೋಗಿದ್ದ. "ಆ ಚಹಾನ ಮೇಡಂ, ನಮ್ಮ ಆನೆ ಸೊಂಡಿಲಲ್ಲಿ..."

"ಬಾಯಿ ಮುಚ್ಚೋ," ಎಂದಳು ಅಕ್ಕ. "ಈಗಷ್ಟೇ ನಂಬಿದ್ದಾರೆ."