ಬುಟ್ಟಿ ಗಾಡಿ

"ಹಿಡಿಸಂಗಿಲ್ಲ," ಎಂದ ಬಂದೇಅಲಿ, ಕೈಯಲ್ಲಿದ್ದ ಹಗ್ಗವನ್ನು ಗಾಡಿಯ ಬಾಗಿಲಿಗೆ ಮತ್ತೊಮ್ಮೆ ಅಡ್ಡ ಹಿಡಿಯುತ್ತ. ಹಗ್ಗದ ಎರಡು ಗಂಟುಗಳ ನಡುವಿನ ಉದ್ದ ಹಣಮಂತರಾಯನ ಒಂದು ಮೊಣಕಾಲಿನಿಂದ ಇನ್ನೊಂದು ಮೊಣಕಾಲಿನದು. ಬಾಗಿಲು ಅದಕ್ಕಿಂತ ಒಂದು ಗೇಣು ಸಣ್ಣದಿತ್ತು. ಆ ಕಡೆಯ ಬಾಗಿಲೂ ಅಷ್ಟೇ.

ಹಣಮಂತರಾಯ ಮನೆಯೊಳಗೆ ಗೋಡೆಗೆ ಬೆನ್ನು ಹಚ್ಚಿ ಪದ್ಮಾಸನ ಹಾಕಿ ಕೂತಿದ್ದ. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ನಿನ್ನೆ ಸಂಜೆ ವಾಡಿಯ ತನ್ನ ಶೆಡ್ಡಿನಲ್ಲಿ ತಗಡು ಬಡಿಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಏಳಲಿಲ್ಲ. ಅವರದು ಹೆಣವನ್ನು ಕೂಡಿಸಿಯೇ ಮಣ್ಣು ಮಾಡುವ ಮನೆತನ. ಮೈ ಬಿರುಸಾದರೆ ಕಾಲು ಮಡಚುವುದಿಲ್ಲವೆಂದು ಹಿರಿಯರು ಅವಸರ ಅವಸರವಾಗಿ ಕೂಡಿಸಿಬಿಟ್ಟರು. ಹುಟ್ಟಿದೂರಲ್ಲಾಗಿದ್ದರೆ ಅದೇ ಸರಿ. ಹೊಲ ಅಲ್ಲೇ ಇರುತ್ತದೆ, ಬಿದಿರಿನ ವಿಮಾನ ಕಟ್ಟಿ ಹೆಗಲ ಮೇಲೆ ಒಯ್ದರಾಯಿತು. ಆದರೆ ಇವನನ್ನು ಒಯ್ಯಬೇಕಾದದ್ದು ವಾಡಿಯಿಂದ ತೆಂಗಳಿಗೆ, ಮೋಟಾರಿನಲ್ಲಿ. ಅಷ್ಟು ಮಂದಿ ಹಿರಿಯರಿದ್ದರಲ್ಲ, ಒಬ್ಬರಿಗಾದರೂ ಇದು ಹೊಳೆಯಬಾರದಿತ್ತೆ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬರುತ್ತೇನೆಂದಿದ್ದ ಕಲ್ಲಿನ ಲಾರಿಯವನು ಬೆಳಗಿನ ಮಳೆ ನೋಡಿ ಕೈ ಎತ್ತಿದ್ದ. ಅವನದೇನೂ ತಪ್ಪಿಲ್ಲ. ತೆಂಗಳಿಯ ಎರೆಮಣ್ಣಿನ ದಾರಿಗೆ ಲಾರಿ ಇಳಿಸಿದರೆ ಅಚ್ಚಿನವರೆಗೆ ಹೂತು ನಿಲ್ಲುತ್ತದೆ. ಆ ಕೆಸರಿನಲ್ಲಿ ಹೋಗುವ ಗಾಡಿ ಒಂದೇ, ಭೀಮಶ್ಯಾನ ಬಾಡಿಗೆ ಕಾರು. ಅದರ ಮೈ ಕಟ್ಟಿದವನು ಹಣಮಂತರಾಯನೇ. ಒಳಗೆ ಬಿದಿರಿನ ಪಕ್ಕೆಲುಬು, ಹೊರಗೆ ಪಾತ್ರೆಗೆ ಬಳಸುವಂಥ ಹಗುರ ಜರ್ಮನ್ ತಗಡು. ಚಿತ್ತಾಪುರದಿಂದ ಸೇಡಂವರೆಗೆ ಜನ ಅದನ್ನು ಬುಟ್ಟಿ ಗಾಡಿ ಎಂದೇ ಕರೆಯುತ್ತಿದ್ದರು.

ಬುಟ್ಟಿ ಗಾಡಿಗೆ ಹಿಂದೆ ದೊಡ್ಡ ಬಾಯಿತ್ತು, ಆದರೆ ಬಾಗಿಲಿರಲಿಲ್ಲ. ಬಾಯಿಗೆ ಅಡ್ಡಲಾಗಿ ಎರಡು ಗಟ್ಟಿ ಬಿದಿರು ಮೂಲೆಯಿಂದ ಮೂಲೆಗೆ ಹಾಯ್ದು ನಡುವೆ ಒಂದನ್ನೊಂದು ದಾಟಿದ್ದವು. ಅದಕ್ಕೆ ಕತ್ತರಿ ಎನ್ನುತ್ತಿದ್ದರು. ಕತ್ತರಿ ಇಲ್ಲದಿದ್ದರೆ ಹಣಮಂತರಾಯನನ್ನು ಕೂತ ಹಾಗೆಯೇ ಹಿಂದಿನಿಂದ ಒಳಗಿಡಬಹುದಿತ್ತು. ಇದು ಅಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಭೀಮಶ್ಯಾ ಬೇರೆ ಕಡೆ ನೋಡುತ್ತ ನಿಂತಿದ್ದ.

ಓರೆ ಮಾಡಿ ತೂರಿಸೋಣವೇ ಎಂದು ಯಾರೋ ಕೇಳಿದರು. ಒಮ್ಮೆ ಕೂಡಿಸಿ ಪೂಜೆಯಾದ ಮೇಲೆ ಮಲಗಿಸುವಂತಿಲ್ಲ ಎಂದು ಮಠದ ಅಯ್ಯನವರು ತಲೆಯಾಡಿಸಿದರು. ಆಗ ಸತ್ತವನ ದೊಡ್ಡಪ್ಪನ ಮಗ ಜಗದೇವಪ್ಪ ಮುಂದೆ ಬಂದ. ಅವನಿಗೆ ಯಾವುದನ್ನೂ ಮೆತ್ತಗೆ ಹೇಳಲು ಬಾರದು.

"ಮೊಣಕಾಲು ಎರಡೂ ಒತ್ತಿ ಸಮೀಪ ತರ್ರಿ. ಹಿಡಿಸ್ತಾನ."

"ಒತ್ತಿದ್ರ ಮುರೀತಾವ," ಎಂದ ಬಂದೇಅಲಿ, ಶೆಡ್ಡಿನಲ್ಲಿ ಸತ್ತವನ ಜೊತೆ ದುಡಿದವನು.

"ಹಂಗಾರ ವಾಡ್ಯಾಗೇ ಮಣ್ಣ ಮಾಡೂಣು. ದಾರ್ಯಾಗ ಹಳ್ಳ ಏರಾಕತ್ತದ. ಮಣ್ಣಂಬೋದು ಎಲ್ಲಾ ಕಡಿ ಮಣ್ಣೇ."

ಮನೆಯ ಬಾಗಿಲಲ್ಲಿ ಕೂತಿದ್ದ ಹೆಂಡತಿ ಶಿವಕಾಂತಮ್ಮ ಎದ್ದಳು. ನಿನ್ನೆಯಿಂದ ಅವಳ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ನೆರೆಯ ಹೆಂಗಸರು ಅದನ್ನೇ ಆಡಿಕೊಂಡೂ ಆಗಿತ್ತು.

"ಅವರಿಗಿ ಯಾರೂ ಕೈ ಹಚ್ಚಬ್ಯಾಡ್ರಿ," ಎಂದಳು. "ಹುಟ್ಟಾ ಒಂದು ಬಿದರು ಮುರದವರಲ್ಲ ಅವರು, ಬಗ್ಗಸ್ತಿದ್ರು. ಅವರ ಕಾಲು ಮುರದು ಒಯ್ಯಲೇನು? ಚಂದಿ ಬಾಜೂಕ ಇಡ್ತೀನಂತ ಮಾತು ಕೊಟ್ಟೀನಿ ಭಾವ. ವಾಡ್ಯಾಗ ಇಡಂಗಿಲ್ಲ."

*

ಚಂದಮ್ಮ ಅವರ ಮಗಳು, ಒಬ್ಬಳೇ. ಅವಳು ಬದುಕಿದ್ದಾಗ ಹಣಮಂತರಾಯ ಶಹಾಬಾದದ ಒಂದು ಶೆಡ್ಡಿನಲ್ಲಿ ಮೋಟಾರುಗಳಿಗೆ ಕಬ್ಬಿಣದ ಮೈ ಕಟ್ಟುತ್ತಿದ್ದ. ಗಟ್ಟಿ ಅಂದರೆ ಕಬ್ಬಿಣ, ಇನ್ನೂ ಗಟ್ಟಿ ಅಂದರೆ ಇನ್ನೂ ಕಬ್ಬಿಣ, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಆ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು, ಊರಿಗೊಂದು ಮೋಟಾರು ಬರುತ್ತಿದ್ದ ಕಾಲ. ಅವನ ಕೈಗೆ ಬಿಡುವಿರಲಿಲ್ಲ.

ಒಂದು ಮಳೆಗಾಲದಲ್ಲಿ ತೆಂಗಳಿಯ ಅಜ್ಜಿ ಮನೆಯಲ್ಲಿದ್ದ ಹುಡುಗಿಗೆ ಜ್ವರ ಏರಿತು. ಹಣಮಂತರಾಯ ತಾನೇ ಮೈ ಕಟ್ಟಿದ ಮೋಟಾರೊಂದನ್ನು ಬೇಡಿ ತಂದ. ಮಗುವನ್ನು ಹಾಕಿಕೊಂಡು ಹೊರಟರೆ ಹಳ್ಳದ ತೆಂಗಳಿ ಕಡೆಯ ದಂಡೆಯ ಎರೆಯಲ್ಲಿ ಮೋಟಾರು ಹೊಟ್ಟೆಯವರೆಗೆ ಹೂತಿತು. ಊರಿನ ಗಂಡಸರೆಲ್ಲ ನೂಕಿದರು, ಎತ್ತು ಹೂಡಿ ಎಳೆದರು, ಅದು ಜಪ್ಪಯ್ಯ ಅನ್ನಲಿಲ್ಲ. ಎತ್ತಿನ ಗಾಡಿ ತರಲು ಓಡಿದವರು ಬರುವಷ್ಟರಲ್ಲಿ ಶಿವಕಾಂತಮ್ಮನ ತೊಡೆಯ ಮೇಲೆ ಮಗು ತಣ್ಣಗಾಗಿತ್ತು. ಹಣಮಂತರಾಯ ಕೆಸರಿನಲ್ಲಿ ನಿಂತು ತಾನೇ ಬೆಸೆದ ಕಬ್ಬಿಣದ ತಗಡನ್ನು ಮುಷ್ಟಿ ಒಡೆಯುವವರೆಗೆ ಗುದ್ದಿದ. ಮಗುವನ್ನು ತೆಂಗಳಿಯ ತಮ್ಮ ಹೊಲದ ಬದುವಿಗೆ ಮಣ್ಣು ಮಾಡಿದರು.

ಆಮೇಲೆ ಅವನು ಕಬ್ಬಿಣದ ಕೆಲಸಕ್ಕೆ ಹೋಗಲಿಲ್ಲ. ತಿಂಗಳುಗಟ್ಟಲೆ ಮನೆಯಲ್ಲಿ ಸುಮ್ಮನೆ ಕೂತ. ಒಂದು ದಿನ ಹೆಂಡತಿಯ ಹತ್ತಿ ಬಿಡಿಸುವ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತುಬಿಟ್ಟ. ಗಂಡನಿಗೆ ತಲೆ ಕೆಟ್ಟಿತು ಎಂದುಕೊಂಡಳು ಶಿವಕಾಂತಮ್ಮ. ಬುಟ್ಟಿ ನರಳಿತು, ಬಗ್ಗಿತು, ಮುರಿಯಲಿಲ್ಲ. ಇಳಿದು ಅದನ್ನು ಒಂದೇ ಬೆರಳಿನಿಂದ ಎತ್ತಿ ನೋಡಿದ. ಅವತ್ತೇ ಬಿದಿರು ತರಲು ಚಿಂಚೋಳಿಯ ಕಾಡಿನ ಕಡೆ ಹೊರಟ.

*

ಜಗದೇವಪ್ಪ ಮತ್ತೆ ಹಳ್ಳದ ಮಾತೆತ್ತಿದ. ಮಧ್ಯಾಹ್ನದ ಮೇಲೆ ನೀರು ಇನ್ನೂ ಏರಿದರೆ ಆ ದಂಡೆಯೂ ಇಲ್ಲ, ಈ ದಂಡೆಯೂ ಇಲ್ಲ, ಹೆಣ ಇಟ್ಟುಕೊಂಡು ನಡುವೆ ಕೂಡಬೇಕಾಗುತ್ತದೆ ಎಂದ. ಮಾತು ಖರೇ ಇತ್ತು. ಅದಕ್ಕೇ ಎಲ್ಲರಿಗೂ ಸಿಟ್ಟು ಬಂತು.

ಶಿವಕಾಂತಮ್ಮ ಯಾರನ್ನೂ ಏನೂ ಕೇಳಲಿಲ್ಲ. ಕತ್ತರಿ ಕಡಿ ಎಂದು ಭೀಮಶ್ಯಾನಿಗೆ ಹೇಳುವ ಬಾಯಿ ಅವಳಿಗಿರಲಿಲ್ಲ. ಆ ಕತ್ತರಿ ಅವನಿಗೆ ಏನು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

*

ಬುಟ್ಟಿ ಗಾಡಿ ಮೊದಲು ಸಿದ್ಧವಾದಾಗ ಅದಕ್ಕೆ ಕತ್ತರಿ ಇರಲಿಲ್ಲ. ಹಿಂದೆ ಅಗಲವಾದ ಬಾಗಿಲಿತ್ತು. ಭೀಮಶ್ಯಾ ಕಾಳಿನ ಚೀಲ, ಆಡು, ಮದುವೆಯ ಪೆಟ್ಟಿಗೆ ಎಲ್ಲ ತುಂಬಬಹುದೆಂದು ಹಿಗ್ಗಿದ್ದ. ಹಣಮಂತರಾಯನಿಗೆ ಮಾತ್ರ ಸಮಾಧಾನವಿಲ್ಲ. ಹೆಂಡತಿಯನ್ನು ಹಿಂದೆ ಕೂಡಿಸಿ, ಬಿದಿರು ಬಿದಿರು ಕೂಡುವ ಕಟ್ಟಿನ ಮೇಲೆ ಅಂಗೈ ಇಡಿಸಿ, ತಾನು ಮುಂದೆ ಕೂತು ಗಾಡಿಯನ್ನು ಕಲ್ಲು ತಗ್ಗುಗಳ ಮೇಲೆ ಹಾಯಿಸುತ್ತಿದ್ದ.

"ಅಳ್ಳಾಡ್ತದೇನು?" ಎಂದು ಮುಂದಿನಿಂದ ಕೂಗುತ್ತಿದ್ದ.

ಅಳ್ಳಾಡುತ್ತದೆ ಎಂದು ಅವಳು ಹಿಂದಿನಿಂದ ಕೂಗುತ್ತಿದ್ದಳು. ಮತ್ತೆ ಬಿಚ್ಚುವುದು, ಮತ್ತೆ ಕಟ್ಟುವುದು. ಪುಂಡಿ ನಾರಿನ ಹುರಿ ಸುತ್ತಿ, ಹಲ್ಲಿನಿಂದ ಕಚ್ಚಿ ಎಳೆದು ಬಿಗಿದು, ಮೇಲೆ ಡಾಂಬರು ಸವರುತ್ತಿದ್ದ. ಅವಳಿಗೂ ಆ ಗಂಟು ಬಂತು. ಕಡೆಗೆ ಹಿಂದಿನ ಬಾಗಿಲನ್ನೇ ಕಿತ್ತು ಕತ್ತರಿ ಹಾಕಿದ ಮೇಲೆ ಅವಳ ಅಂಗೈ ಕೆಳಗೆ ಗಾಡಿಯ ಮೈ ಗಪ್ಪಾಯಿತು. ಇಲ್ಲ ಎಂದು ಅವಳು ಕೂಗಿದ ದಿನ ಅವನು ಗಾಡಿ ನಿಲ್ಲಿಸಿ ಇಳಿದು ಬಂದು, ನಡುರಸ್ತೆಯಲ್ಲಿ, ನಾಚಿಕೆಯಿಲ್ಲದೆ ಅವಳ ಕೈ ಹಿಡಿದುಕೊಂಡಿದ್ದ.

ಬಾಗಿಲು ಹೋಯಿತೆಂದು ಭೀಮಶ್ಯಾ ಮಾತು ಬಿಟ್ಟ. ಅವನ ಸಿಟ್ಟು ಇಳಿದದ್ದು ಸೇಡಂ ದಾರಿಯಲ್ಲಿ ಗಾಡಿ ಉರುಳಿದ ದಿನ. ಒಳಗೆ ಬಸುರಿ ಹೆಂಡತಿ ಲಾಲಮ್ಮ, ಸಂತೆಯ ಮಂದಿ. ಗಾಡಿ ತಗ್ಗಿಗೆ ಬುಟ್ಟಿಯ ಹಾಗೆ ಹೊರಳಿ ಹೊರಳಿ ಬಿತ್ತು. ತಗಡು ನುಗ್ಗಾಯಿತು, ಗಾಜು ಪುಡಿಯಾಯಿತು, ಮೇಲ್ಛಾವಣಿ ಮಾತ್ರ ಕೂತವರ ತಲೆಯ ಮೇಲೆ ಕುಸಿಯಲಿಲ್ಲ. ಕತ್ತರಿ ಹಿಡಿದಿತ್ತು. ಅಂದಿನಿಂದ ಭೀಮಶ್ಯಾ ದಿನಾ ಬೆಳಿಗ್ಗೆ ಕತ್ತರಿಯ ನಡುಗಂಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳದೆ ಗಾಡಿ ಚಾಲೂ ಮಾಡಿದವನಲ್ಲ. ಮಂದಿ ನಕ್ಕರೆ ನಗಲಿ.

*

ಮಳೆ ಒಂದಿಷ್ಟು ಹೊಳವಾಯಿತು. ಭೀಮಶ್ಯಾ ಶೆಡ್ಡಿಗೆ ಹೋಗಿ ಗರಗಸ ತಂದ. ಬಂದೇಅಲಿಯ ಕೈಗೆ ಕೊಡಲು ಹೋದ. ಬಂದೇಅಲಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ನನ್ನಿಂದ ಆಗಂಗಿಲ್ಲಪ್ಪ. ಅವನ ಜೋಡಿ ನಾನೇ ಹಿಡದು ಕಟ್ಟೀನಿ."

ಭೀಮಶ್ಯಾ ನಡುಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ತಾನೇ ಕೊಯ್ದ. ಒಳಗಿನ ಬಿದಿರು ಇನ್ನೂ ಹಳದಿಯಾಗಿ, ನಿನ್ನೆ ಕಡಿದ ಹಾಗೆ ಇತ್ತು. ಎರಡನೆಯ ಬಿದಿರು ತುಂಡಾದಾಗ ಗಾಡಿಯ ಮೈಯೆಲ್ಲ ಒಮ್ಮೆ ಕಿರ್ರೆಂದು ಸಡಿಲಿತು. ಆ ಸಪ್ಪಳಕ್ಕೆ ಶಿವಕಾಂತಮ್ಮ ಕಣ್ಣು ಮುಚ್ಚಿಕೊಂಡಳು.

ಹಣಮಂತರಾಯನನ್ನು ಕೂತ ಹಾಗೆಯೇ ಎತ್ತಿ ಒಳಗಿಟ್ಟರು. ಒಂದು ಪಕ್ಕಕ್ಕೆ ಶಿವಕಾಂತಮ್ಮ, ಇನ್ನೊಂದು ಪಕ್ಕಕ್ಕೆ ಅಯ್ಯನವರು. ತೆರೆದ ಹಿಂಬಾಯಿಯಲ್ಲಿ ಬಂದೇಅಲಿ ಮತ್ತು ಜಗದೇವಪ್ಪ. ಎರೆಯ ದಾರಿಗೆ ಇಳಿಯುತ್ತಲೇ ಗಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚತೊಡಗಿತು. ತಗಡಿನ ಮೊಳೆಗಳು ಒಂದೊಂದಾಗಿ ಸಿಡಿದವು. ಬಂದೇಅಲಿ ಒಂದು ಕಂಬಕ್ಕೆ ಬೆನ್ನು ಕೊಟ್ಟು ಎದುರಿನ ಮೂಲೆಗೆ ಕಾಲು ಒತ್ತಿ ಅಡ್ಡ ಬಿದ್ದ. ಅವನನ್ನು ನೋಡಿ ಜಗದೇವಪ್ಪನೂ ಬೈಯುತ್ತಲೇ ಇನ್ನೊಂದು ಮೂಲೆಗೆ ಹಾಗೆಯೇ ಬಿದ್ದ. ಇಬ್ಬರ ಕಾಲೂ ಒಂದರ ಮೇಲೊಂದು ದಾಟಿದ್ದವು. ಕತ್ತರಿ ಮಾಡುತ್ತಿದ್ದ ಕೆಲಸವನ್ನು ಈಗ ಇಬ್ಬರು ಮುದುಕರು ಹಲ್ಲು ಕಚ್ಚಿ ಮಾಡುತ್ತಿದ್ದರು. ಗಾಡಿ ಎಲ್ಲೂ ಹೂತು ನಿಲ್ಲಲಿಲ್ಲ.

ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಭೀಮಶ್ಯಾ ದಂಡೆಯಲ್ಲಿ ಒಮ್ಮೆ ನಿಂತ, ಹಿಂದಿರುಗಿ ಶಿವಕಾಂತಮ್ಮನನ್ನು ನೋಡಿದ, ಗಾಡಿಯನ್ನು ನೀರಿಗೆ ಇಳಿಸಿಬಿಟ್ಟ. ನಡುನೀರಿಗೆ ಬಂದಾಗ ಸೆಳವು ಗಾಡಿಯನ್ನು ಪಕ್ಕಕ್ಕೆ ಒತ್ತತೊಡಗಿತು. ಕೆಸರಿನಲ್ಲಿ ಬದುಕಿಸಿದ ಹಗುರವೇ ನೀರಿನಲ್ಲಿ ಕಂಟಕವಾಯಿತು. ಹಿಂದಿನ ಗಾಲಿ ನೆಲ ಬಿಟ್ಟಿತು.

"ಮ್ಯಾಲಿನ ಕಡಿ ಬರ್ರಿ ಎಲ್ಲಾರೂ!" ಎಂದು ಭೀಮಶ್ಯಾ ಕಿರುಚಿದ.

ಹಿಂದಿನ ಇಬ್ಬರು ಕಾಲು ತೆಗೆಯುವಂತಿರಲಿಲ್ಲ. ಅಯ್ಯನವರು ನೀರು ಬರುವ ಕಡೆಯೇ ಇದ್ದರು. ಶಿವಕಾಂತಮ್ಮ ಗಂಡನನ್ನು ಎರಡೂ ತೋಳಿನಿಂದ ತಬ್ಬಿ, ಇದ್ದಬದ್ದ ಬಲವನ್ನೆಲ್ಲ ಹಾಕಿ, ಆ ಕಡೆಗೆ ನೂಕಿದಳು. ಬಿರುಸಾದ ಆ ಭಾರ ಅಯ್ಯನವರನ್ನೂ ಒತ್ತಿಕೊಂಡು ತಗಡಿಗೆ ಹೋಗಿ ಆತುಕೊಂಡಿತು. ಗಾಲಿ ನೆಲ ಹಿಡಿಯಿತು. ಗಾಡಿ ಗುರುಗುಟ್ಟುತ್ತ ಆಚೆ ದಂಡೆ ಹತ್ತಿತು. ಜಗದೇವಪ್ಪ ಕಣ್ಣೊರೆಸಿಕೊಂಡು, ಸತ್ತ ಮೇಲೂ ತಮ್ಮ ಕೆಲಸ ಬಿಡಲಿಲ್ಲ ನೋಡು ಎಂದ.

ತೆಂಗಳಿಯವರು ವಿಮಾನ ಕಟ್ಟಿಟ್ಟುಕೊಂಡು ಕಾದಿದ್ದರು. ಹಸಿ ಬಿದಿರು, ಮೇಲೆ ಚೆಂಡುಹೂವು. ಅದರಲ್ಲಿ ಕೂಡಿಸಿ ಹೊಲದವರೆಗೆ ಹೊತ್ತರು. ಚಂದಮ್ಮನ ಸಣ್ಣ ದಿಬ್ಬದ ಪಕ್ಕದಲ್ಲಿ ಕುಣಿ ತೋಡಿದ್ದರು. ವಿಭೂತಿ, ಪತ್ರಿ, ಮಣ್ಣು. ಶಿವಕಾಂತಮ್ಮ ಮೂರು ಹಿಡಿ ಮಣ್ಣು ಹಾಕಿ, ಕೈಗೆ ಉಳಿದ ಕೆಸರನ್ನು ಮಗಳ ದಿಬ್ಬಕ್ಕೆ ಒರೆಸಿದಳು. ಮಾತು ಉಳಿಯಿತು.

ಸಂಜೆಯಾಗುತ್ತಿತ್ತು, ಹಳ್ಳ ಒಂದಿಷ್ಟು ಇಳಿದಿತ್ತು. ಮಂದಿ ಕೈಕಾಲು ತೊಳೆಯಲು ಹೋದರೂ ಭೀಮಶ್ಯಾ ಗಾಡಿಯ ಹಿಂದೆ ಬಾಯಿ ಹಾಗೆ ತೆರೆದಿರುವುದನ್ನೇ ನೋಡುತ್ತ ನಿಂತಿದ್ದ. ಅವನಿಗೆ ಹೆದರಿಕೆಯಾಗಿತ್ತು. ಆ ಇಬ್ಬರು ಮುದುಕರಿಗೆ ಮತ್ತೊಮ್ಮೆ ಅಡ್ಡ ಬೀಳುವ ತ್ರಾಣ ಇರಲಿಲ್ಲ, ನಾಳೆ ಬಾಡಿಗೆಯೂ ಇಲ್ಲ. ಶಿವಕಾಂತಮ್ಮ ಅವನನ್ನು ನೋಡಿದಳು. ವಿಮಾನವನ್ನು ಪದ್ಧತಿಯಂತೆ ಕುಣಿಯ ಬದಿಗೆ ಎಸೆದಿದ್ದರು. ಅವಳು ಹೋಗಿ ಅದರ ಎರಡು ಉದ್ದ ಬಿದಿರು ಬಿಚ್ಚಿ ಎಳೆದುಕೊಂಡು ಬಂದಳು.

"ಶಿವಕಾಂತಾ, ಹೆಣದ ಬಿದರು ತಿರುಗಿ ಒಯ್ಯಬಾರದು," ಎಂದ ಜಗದೇವಪ್ಪ. ಅವನ ದನಿಯಲ್ಲಿ ಬೆಳಗಿನ ಗಡಸು ಇರಲಿಲ್ಲ.

"ಲಾಲಮ್ಮ ದಾರಿ ನೋಡಾಕತ್ತಾಳ ಭಾವ. ಆಕಿ ಗಂಡನ್ನ ಹಿಂಗೇ ಕಳಸಲೇನು?"

ಜಗದೇವಪ್ಪ ಅಯ್ಯನವರ ಮುಖ ನೋಡಿದ. ಅಯ್ಯನವರು ಒದ್ದೆ ಧೋತರ ಮೇಲೆ ಕಟ್ಟಿಕೊಂಡು ಬಂದು ಒಂದು ಬಿದಿರಿನ ತುದಿ ಎತ್ತಿ ಮೂಲೆಗೆ ಹಿಡಿದರು.

"ಕಟ್ಟವ್ವ," ಎಂದರು.

ಬಂದೇಅಲಿ ಅಳತೆ ಮಾಡಿ ಕೊಯ್ದು ಕೊಟ್ಟ. ಶಿವಕಾಂತಮ್ಮ ವಿಮಾನದ್ದೇ ಹುರಿ ಸುತ್ತಿದಳು. ಗಂಡ ಮಾಡುತ್ತಿದ್ದ ಹಾಗೆ ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದು ಬಿಗಿದಳು. ಹಸಿ ಬಿದಿರಿಗೆ ಅಂಟಿದ್ದ ಒಂದು ಚೆಂಡುಹೂವು ನಡುಗಂಟಿನಲ್ಲಿ ಸಿಕ್ಕಿಕೊಂಡಿತು. ಯಾರೂ ಅದನ್ನು ಕೀಳಲಿಲ್ಲ. ಭೀಮಶ್ಯಾ ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋಗಿ ಕೂತ.

ಗಾಡಿ ದಂಡೆಯ ಕಲ್ಲುಗಳ ಮೇಲೆ ಇಳಿಯತೊಡಗಿತು. ಶಿವಕಾಂತಮ್ಮ ಹಿಂದೆ, ಗಂಡ ಕೂತು ಬಂದ ಜಾಗದಲ್ಲಿ ಕೂತಿದ್ದಳು. ಭೀಮಶ್ಯಾ ತಿರುಗಿ ನೋಡದೆ, ದೊಡ್ಡದಾಗಿ ಕೇಳಿದ:

"ವೈನಿ, ಅಳ್ಳಾಡ್ತದೇನು?"

ಅವಳ ಅಂಗೈ ಆಗಲೇ ಗಂಟಿನ ಮೇಲಿತ್ತು. ಕಣ್ಣಿಂದ ನೀರು ಇಳಿದು ಸೆರಗು ತೋಯುತ್ತಿತ್ತು. ಒರೆಸಿಕೊಳ್ಳಲು ಅವಳು ಕೈ ತೆಗೆಯಲಿಲ್ಲ.

"ಇಲ್ಲ," ಎಂದು ಮುಂದಿನವರೆಗೆ ಕೇಳುವ ಹಾಗೆ ಕೂಗಿದಳು. ಗಾಡಿ ನೀರಿಗೆ ಇಳಿಯಿತು.