ಏಳನೇ ಮನೆಯ ಕೆಂಪು ಹಡಗು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ. ಕಂಪ್ಯೂಟರಿಗೇ ಬೆವರಿಳಿಸಿದ ಗಂಡು ನಾನು. ನೀವೆಲ್ಲ ಆಟದಲ್ಲಿ ಕಂಪ್ಯೂಟರಿಗೆ ಸೋತು, ಲ್ಯಾಪ್‌ಟಾಪ್ ಮುಚ್ಚಿ, ಮುಸುಕೆಳೆದು ಮಲಗುವ ಜನ. ನಾನು ಅದರ ಕಾಲರ್ ಹಿಡಿದು ದರದರ ಎಳೆದು ತಂದು ಅಪ್ಪನ ಮುಂದೆ ನಿಲ್ಲಿಸಿದವನು. ಅದೇ ದಿನ, ಅದೇ ಮೇಜಿನ ಮೇಲೆ, ಅಕ್ಕನ ಮದುವೆಯನ್ನೂ ಮಾಡಿಸಿದವನು. ಶಿಳ್ಳೆ ಹೊಡೆಯುವವರು ಹೊಡೆಯಬಹುದು, ನಾನು ಕಾಯುತ್ತೇನೆ.

ಮನೆಯಲ್ಲಿ ನನ್ನನ್ನು ಟ್ರೇಲರ್ ಅನ್ನುತ್ತಾರೆ. "ಇವನದು ಬರೀ ಟ್ರೇಲರ್ರು, ಪಿಕ್ಚರ್ ಬರೋದೇ ಇಲ್ಲ" ಅಂತ ಅಮ್ಮ ಇಟ್ಟ ಹೆಸರು. ಅಮ್ಮನಿಗೆ ಸಿನಿಮಾ ಗೊತ್ತಿಲ್ಲ, ಬಿಡಿ.

ಅಪ್ಪ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಪೆಟ್ರೋಲ್ ಬಂಕ್‌ಗಳಿಗೆ ಹೋಗಿ, ತಮ್ಮ ಅಳತೆ ಕ್ಯಾನಿಗೆ ಎಣ್ಣೆ ಹಿಡಿದು, ಗೆರೆಗಿಂತ ಕೆಳಗೆ ನಿಂತರೆ ಪಂಪಿಗೆ ಸೀಲು ಒತ್ತಿ ಬರುವುದು ಅವರ ಕೆಲಸ. ಮನೆಗೆ ಬಂದ ಮೇಲೂ ಕಣ್ಣು ಮಾತ್ರ ಡ್ಯೂಟಿಯಲ್ಲೇ ಇರುತ್ತದೆ. ಲೋಟಕ್ಕೆ ಹಾಲು ಸುರಿದರೆ ಬಗ್ಗಿ ಅದರ ಮಟ್ಟ ನೋಡುತ್ತಾರೆ. ಅವರ ಪ್ರಕಾರ ಪ್ರಪಂಚದಲ್ಲಿ ಎರಡೇ ಥರದ ಜನ: ಅಳತೆ ಸರಿ ಇರುವವರು, ಇಲ್ಲದವರು. ನಾನು ಯಾವ ಕಡೆ ಅಂತ ಬೇರೆ ಹೇಳಬೇಕಾಗಿಲ್ಲ.

ಅಕ್ಕ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಅಲ್ಲಿಗೊಬ್ಬ ಬಂದ. ಕನ್ನಡಕ ಮಾಡಿಸಿಕೊಂಡ. ಮತ್ತೆ ಬಂದ, ಸರಿಯಾಗಿ ಕಾಣುತ್ತಿಲ್ಲ ಅಂದ. ಮತ್ತೂ ಬಂದ. ಅವನಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು, ಮುಖ್ಯವಾಗಿ ಅಕ್ಕ. ನಾನು ಅವನಿಗೆ ಕನ್ನಡಕ ಅಂತಲೇ ಹೆಸರಿಟ್ಟೆ. ಕನ್ನಡಕ ತನ್ನ ಗೆಳೆಯರ ಜತೆ ಸೇರಿ ಕಂಪ್ಯೂಟರ್ ಗೇಮ್ ಮಾಡುತ್ತಾನೆ. ಆಕಾಶದಲ್ಲಿ ಹಡಗು ಓಡಿಸಿ ಗ್ರಹ ಹಿಡಿಯುವ ಆಟ. ನಮ್ಮೆದುರು ಕೂತು ಆಡುವ ಕಂಪ್ಯೂಟರಿನ ಬುದ್ಧಿಯನ್ನು ಬರೆದವನು ಅವನೇ. ಆ ಆಟದ ಒಂದು ಕಾಪಿಯನ್ನು ಅಕ್ಕನ ಕೈಲಿ ನನಗೆ ಕಳಿಸಿದ್ದ. ಭಾವ ಆಗುವ ಮುಂಚಿನ ಲಂಚ.

ಆಟದ ನಿಯಮ ಸುಲಭ. ಪರದೆಯ ತುಂಬ ಚದುರಂಗದ ಹಾಗೆ ಮನೆಗಳು. ಹಡಗಿನ ಟ್ಯಾಂಕು ತುಂಬಿಸಿದರೆ ನಾಲ್ಕು ಮನೆ ಹೋಗುತ್ತದೆ. ಅಷ್ಟರೊಳಗೆ ಬಂಕ್ ಸಿಕ್ಕರೆ ಮತ್ತೆ ತುಂಬಿಸಿಕೊಂಡು ಮುಂದೆ, ಇಲ್ಲದಿದ್ದರೆ "ರೇಂಜ್ ಸಾಲದು" ಅಂತ ಬಂದು ಅಲ್ಲೇ ನಿಲ್ಲುತ್ತದೆ. ನಾನು ಹಸಿರು, ಕಂಪ್ಯೂಟರು ಕೆಂಪು. ಮಧ್ಯೆ ಮಧ್ಯೆ ಕೆಂಪು ನನಗೆ ಏನೇನೋ ಓಲೆ ಕಳಿಸುತ್ತಿತ್ತು. ರಾಜನಾದವನು ಬಂದ ಓಲೆಗಳನ್ನೆಲ್ಲ ಓದುತ್ತಾ ಕೂರುತ್ತಾನೆಯೇ?

ಒಂದು ಸಂಜೆ ನಾನು ಕಣ್ಣಿಟ್ಟಿದ್ದ ನೀಲಿ ಗ್ರಹವನ್ನು ಕೆಂಪು ಹಡಗೊಂದು ಬಂದು ನುಂಗಿತು. ಎಣಿಸಿದೆ. ಕೆಂಪಿನ ಕೊನೆಯ ಬಂಕಿನಿಂದ ಆ ಗ್ರಹ ಏಳನೇ ಮನೆ! ನಾಲ್ಕರ ಟ್ಯಾಂಕು, ಏಳರ ಓಟ!

ಊಟಕ್ಕೆ ಕೂತಾಗ ಬಾಂಬ್ ಹಾಕಿದೆ. "ಅಪ್ಪಾ, ಒಂದು ಡೌಟು. ನಾಲ್ಕು ಮನೆಗಷ್ಟೇ ಎಣ್ಣೆ ಇರೋ ಗಾಡಿ ಏಳು ಮನೆ ಹೋದ್ರೆ ಏನಂತೀರಿ?"

ಅಪ್ಪನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಮೋಸ ಅಂತೀನಿ. ಯಾವ ಬಂಕು?"

"ಬಂಕಲ್ಲ. ಅಕ್ಕನ ಹುಡುಗ."

"ಲೋ ಟ್ರೇಲರ್!" ಅಕ್ಕ ಸೌಟು ಎತ್ತಿದಳು. "ಅದು ಆಟ ಕಣೋ!"

"ಆಟದಲ್ಲೇ ಅಳತೆ ಹೊಡಿಯೋನು ಸಂಸಾರದಲ್ಲಿ ಬಿಡ್ತಾನಾ?" ಅಂದರು ಅಪ್ಪ. "ಭಾನುವಾರ ಬರ್ತಾನಲ್ಲ, ಬರಲಿ. ನೋಡೋಣ."

ಭಾನುವಾರ ಕನ್ನಡಕ ಮದುವೆಯ ಮಾತಾಡಲು ಬರುವುದಿತ್ತು. ಅಪ್ಪ ರಜೆಯ ದಿನವೂ ಆಫೀಸಿನ ಅಂಗಿ ಹಾಕಿಕೊಂಡು, ಜೇಬಲ್ಲಿ ಸ್ಟೀಲ್ ಸ್ಕೇಲು ಸಿಕ್ಕಿಸಿಕೊಂಡು ಕೂತಿದ್ದರು. ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಸಾಕ್ಷಿಯ ಹಾಗೆ ತೆರೆದಿತ್ತು. ಕನ್ನಡಕ ಒಳಗೆ ಕಾಲಿಟ್ಟು "ನಮಸ್ಕಾರ ಸ..." ಅನ್ನುವಷ್ಟರಲ್ಲಿ ಅಪ್ಪ ಕೇಳಿದರು, "ಕೂತ್ಕೊಳ್ಳಿ. ಟ್ಯಾಂಕ್ ಎಷ್ಟು?"

"ಸರ್... ಐದು ಲೀಟರ್ ಇರಬಹುದು. ಸ್ಕೂಟರಲ್ಲಿ ಬಂದೆ."

"ಸ್ಕೂಟರ್‌ದಲ್ಲಪ್ಪಾ. ಹಡಗಿಂದು."

ಪಾಪ, ಅವನು ಅಕ್ಕನ ಕಡೆ ನೋಡಿದ. ಅಕ್ಕ ನನ್ನ ಕಡೆ ನೋಡಿದಳು. ಆ ನೋಟಕ್ಕೆ ಹಾಲು ಒಡೆಯುತ್ತಿತ್ತು.

"ನಾಲ್ಕು ಮನೆ ಸರ್."

"ಕಂಪ್ಯೂಟರಿಗೂ ಅದೇನಾ, ಇಲ್ಲ ಅದಕ್ಕೆ ಬೇರೆ ಕಾನೂನಾ?"

"ಅದೇ ಸರ್. ಕೆಲವು ಗೇಮ್‌ಗಳಲ್ಲಿ ಕಂಪ್ಯೂಟರಿಗೆ ರಿಯಾಯ್ತಿ ಕೊಡ್ತಾರೆ, ಅದು ಸ್ವಲ್ಪ ದಡ್ಡ ಅಂತ. ನಾನು ಕೊಟ್ಟಿಲ್ಲ."

"ಹಾಗಾದ್ರೆ ಇದೇನು?" ಅಪ್ಪ ಸ್ಕೇಲಿನ ತುದಿಯಿಂದ ಪರದೆ ಮುಟ್ಟುತ್ತಾ ಎಣಿಸಿದರು. "ಐದು. ಆರು. ಏಳು."

ಕನ್ನಡಕ ತನ್ನ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದ. ಏಳನೇ ಮನೆ ಏಳನೇ ಮನೆಯಾಗಿಯೇ ಇತ್ತು. "ಇದು... ಆಗಬಾರದು," ಅಂದ.

ನನ್ನ ಎಂಟ್ರಿಗೆ ಇದೇ ಹೊತ್ತು. ಎದ್ದು ನಿಂತು ಬೆರಳು ತೋರಿಸಿದೆ. "ಕಾನೂನಿನ ಕಣ್ಣಿಗೆ ಮಣ್ಣೆರಚಬಹುದು ಮಿಸ್ಟರ್! ಆದ್ರೆ ಈ ಊಟದ ಮೇಜಿನ..."

"ಮೇಜಿನ ಏನೋ?" ಅಮ್ಮ ಕೇಳಿದರು.

"ಇನ್ನೂ ಯೋಚನೆ ಮಾಡಿಲ್ಲಮ್ಮ."

ಕನ್ನಡಕ ವಾದ ಮಾಡಲಿಲ್ಲ. "ನನ್ನದೇ ತಪ್ಪಿರಬೇಕು ಸರ್. ಎಲ್ಲೋ ತಪ್ಪಾಗಿ ಬರೆದಿದ್ದೀನಿ. ಹೋಗಿ ನೋಡ್ತೀನಿ, ತಪ್ಪಿದ್ರೆ ನಾನೇ ಬಂದು ಹೇಳ್ತೀನಿ."

"ಹೇಳಿ. ಮಿಕ್ಕ ಮಾತು ಆಮೇಲೆ," ಅಂದರು ಅಪ್ಪ. ಪಂಪಿಗೆ ಸೀಲು ಒತ್ತುವಾಗ ಇರುವ ಮುಖ. ಮಿಕ್ಕ ಮಾತು ಅಂದರೆ ಮದುವೆ. ಅಪ್ಪ ಒಮ್ಮೆ ಸೀಲು ಒತ್ತಿದ ಪಂಪು ಅಷ್ಟು ಸುಲಭವಾಗಿ ಬಾಯಿ ಬಿಡುವುದಿಲ್ಲ. ಅಕ್ಕ ತಾನೇ ತಂದಿಟ್ಟಿದ್ದ ಟೀ ಕಪ್ಪುಗಳನ್ನು ಎತ್ತತೊಡಗಿದಳು. ಅವನಿನ್ನೂ ಒಂದು ಗುಟುಕೂ ಕುಡಿದಿರಲಿಲ್ಲ. ಅಕ್ಕ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಅಪ್ಪಾ, ಹೋಗ್ಲಿ ಬಿಡಿ. ಕ್ಷಮಿಸಿಬಿಡೋಣ. ಕ್ಷಮಿಸೋನೇ ಹೀರೋ," ಅಂತ ಲ್ಯಾಪ್‌ಟಾಪ್ ಮುಚ್ಚಲು ಹೋದೆ.

"ತಡಿ. ಒಂದೇ ಸಲ ಹಿಡಿದು ನೋಡಿ ನಾನ್ಯಾವತ್ತೂ ಸೀಲು ಹಾಕಿದವನಲ್ಲ. ಇದೇ ಆಟನ ಇನ್ನೊಂದು ಸುತ್ತು ಮುಂದಕ್ಕೆ ಓಡಿಸು."

"ಚಾರ್ಜ್ ಇಲ್ಲಪ್ಪ."

"ವೈರ್ ಸಿಕ್ಕಿಸಿದೆಯಲ್ಲ."

"ಕರೆಂಟು..."

"ಫ್ಯಾನು ತಿರುಗ್ತಿದೆ ಕಣೋ." ಅಪ್ಪ ತಾವೇ ಗುಂಡಿ ಒತ್ತಿದರು.

ಪರದೆಯ ಮೇಲೆ ಕೆಂಪು ಓಲೆಯೊಂದು ಬಿಚ್ಚಿಕೊಂಡಿತು. ಅಮ್ಮ ಕಣ್ಣು ಕಿರಿದು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಓದಿದರು: "ಹಸಿರು ನಾಡಿನ ಮಹಾರಾಜರಿಗೆ ವಂದನೆಗಳು. ತಮ್ಮ ಬಂಕ್‌ಗಳಲ್ಲಿ ನಮ್ಮ ಹಡಗುಗಳಿಗೆ ಎಣ್ಣೆ ತುಂಬಿಸಿಕೊಳ್ಳಲು ಅಪ್ಪಣೆ ಕೊಟ್ಟಿದ್ದಕ್ಕೆ ನಾವು ಋಣಿ. ನಮ್ಮ ಸ್ನೇಹದ ಒಪ್ಪಂದ ಇಂದಿಗೆ ಮುಗಿಯುತ್ತದೆ. ಮುಂದುವರಿಸೋಣವೇ?"

ಕೆಳಗೆ ಎರಡು ಗುಂಡಿ. ಹೂಂ. ಉಹೂಂ.

"ಹಸಿರು ಯಾರು?" ಅಪ್ಪ ಕೇಳಿದರು. ಪರದೆಯ ಮೂಲೆಯಲ್ಲಿ ಹಸಿರು ಕಿರೀಟ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಟ್ರೇಲರ್ ಅಂತ ನಾನೇ ಬರೆದಿದ್ದೆ.

ಕನ್ನಡಕ ಮುಂದೆ ಬಾಗಿದ. ಅವನ ದನಿಗೆ ಜೀವ ಬಂತು. "ಇಲ್ಲಿ ನೋಡಿ ಸರ್! ನಾಲ್ಕನೇ ಮನೇಲಿ ಇವನ ಬಂಕಿದೆ. ಕೆಂಪು ಅಲ್ಲಿ ತುಂಬಿಸ್ಕೊಂಡು ಮೂರು ಮನೆ ಹೋಗಿದೆ ಅಷ್ಟೆ. ಇನ್ನೂ ಒಂದು ಮನೆಗಾಗೋಷ್ಟು ಟ್ಯಾಂಕಲ್ಲಿದೆ."

ಅಪ್ಪ ಸ್ಕೇಲು ಇಟ್ಟು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಸ್ಕೇಲನ್ನು ಜೇಬಿಗೆ ಹಾಕಿಕೊಂಡು, ನನಗೆ ಹುಟ್ಟಿದಾಗಿನಿಂದ ಒಮ್ಮೆಯೂ ಹೇಳದ ಮಾತನ್ನು ಅವನಿಗೆ ಹೇಳಿದರು. "ಅಳತೆ ಸರಿ ಇದೆ."

ಅಕ್ಕ ಕಪ್ಪುಗಳನ್ನು ಮೇಜಿನ ಮೇಲೆ ವಾಪಸ್ ಇಟ್ಟಳು.

"ಆ ಟೀ ತಣ್ಣಗಾಗಿದೆ," ಅಂದರು ಅಪ್ಪ. "ಟ್ರೇಲರ್, ಹೋಗಿ ಬೇರೆ ಮಾಡ್ಕೊಂಡು ಬಾ. ಆಮೇಲೆ ನಿನ್ನ ಬಾಯಿಗೊಂದು ಸೀಲು ಹಾಕೋದಿದೆ."

ಅಡುಗೆಮನೆಗೆ ಅಕ್ಕ ಹಿಂದೆಯೇ ಬಂದಳು. ತಲೆಗೊಂದು ಮೊಟಕಿದಳು. "ಓದ್ದೇನೇ ಹೂಂ ಒತ್ತಿದ್ಯೇನೋ ಕತ್ತೆ?"

"ಹೂಂ ಅಕ್ಕ. ರಾಜರು ಓದಲ್ಲ."

ಅವಳು ನಂಬಿದಳು. ನೀವೂ ನಂಬಿದಿರಿ. ಸುಳ್ಳು ಕಣ್ರೀ. ಓದಿದ್ದೆ. ಎರಡು ಸಲ ಓದಿದ್ದೆ. ಮುಂಚೆ ನಮ್ಮ ಮನೆಯಲ್ಲಿ ಯಾವ ಆಟವಾದರೂ ಕೆಂಪು ಅಕ್ಕನದೇ, ಹಸಿರು ನನ್ನದೇ. ಕನ್ನಡಕ ಬಂದ ಮೇಲೆ ಸಂಜೆಯಾದರೆ ಅವಳು ಫೋನ್ ಹಿಡಿದು ಮಹಡಿ ಮೇಲೆ, ನಾನು ಅವನು ಬರೆದ ಬುದ್ಧಿಯ ಮುಂದೆ. ಅಂಥದ್ದರಲ್ಲಿ ಕೆಂಪು ಅಕ್ಷರದಲ್ಲಿ "ಮಹಾರಾಜರೇ, ಸ್ನೇಹಿತರಾಗೋಣವೇ?" ಅಂತ ಬಂದರೆ ಯಾರು ತಾನೇ ಉಹೂಂ ಒತ್ತುತ್ತಾರೆ? ಖಾಲಿ ಕೋಣೆಯಲ್ಲಿ ಎದ್ದು ನಿಂತು, "ಸ್ನೇಹಕ್ಕೆ ಪ್ರಾಣ ಕೊಡೋ ವಂಶ ನಮ್ಮದು, ಎಣ್ಣೆ ಯಾವ ಲೆಕ್ಕ!" ಅಂತ ಡೈಲಾಗ್ ಬೇರೆ ಹೊಡೆದು ಹೂಂ ಒತ್ತಿದ್ದೆ. ಹಡಗು ಏಳನೇ ಮನೆಗೆ ಬಂದಾಗಲೇ ಅದು ಎಲ್ಲಿ ತುಂಬಿಸಿಕೊಂಡಿತು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಪ್ಪನ ಕಿವಿಗೆ ಹಾಕಿದೆ. ಮದುವೆ ಒಂದಷ್ಟು ದಿನ ಮುಂದಕ್ಕೆ ಹೋದರೆ ಹೋಗಲಿ ಅಂತ.

ಅಂದಮೇಲೆ ಮದುವೆ ಮಾಡಿಸಿದ್ದು ನಾನೇ ಅಂದದ್ದೂ ಬುರುಡೆಯೇ. ಮಾಡಿಸಿದ್ದು ಕೆಂಪು. ನಾನು ಟೀ ಮಾಡಿದೆ, ಅಷ್ಟೆ. ಅದೂ ಅಪ್ಪನ ಕಪ್ಪಿನಲ್ಲಿ ಒಂದು ಬೆರಳು ಕಡಿಮೆ ಇತ್ತಂತೆ.