ಒಂಬತ್ತರ ಜೋಡಿಯ ಕಾಳಾಚಾರಿ

ಇಸ್ಪೀಟಿನ ಎಲೆ ಹಂಚಿದ ಮೇಲೆ ಉಳಿದವರೆಲ್ಲ ತಮ್ಮ ತಮ್ಮ ಮೂರೆಲೆಗಳನ್ನು ಎದೆಗವಚಿಕೊಂಡು ಮೂಲೆ ಬಿಡಿಸಿ ನೋಡುತ್ತಿದ್ದರೆ, ಕಿರಂಗೂರಿನ ಕಾಳಾಚಾರಿ ಮಾತ್ರ ತನ್ನವನ್ನು ನೆಲದ ಮೇಲೆಯೇ ಬಿಟ್ಟು, ಅವುಗಳ ಮೇಲೆ ಅಂಗೈ ಚಾಚಿ, ಎದುರಿನವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಎಲ್ಲರದೂ ಮುಗಿದ ಮೇಲೆ ತನ್ನ ಎಲೆ ಎತ್ತುವನು, ಒಂದೇ ಸಲ ನೋಡುವನು, ಮತ್ತೆ ಮಗುಚಿಡುವನು.

ಅವನು ಗಾಡಿಚಕ್ರ ಮಾಡುವ ಬಡಗಿ. ಮರವನ್ನು ಪಾದದಿಂದ ಅದುಮಿ ಹಿಡಿದು ಕೆತ್ತಿ ಕೆತ್ತಿ, ನಡೆಯುವಾಗಲೂ ಬಲಗಾಲನ್ನು ಕೊಂಚ ಹೊರಕ್ಕೆ ಚೆಲ್ಲುತ್ತಿದ್ದ. ಕಡಿದ ಜಾಲಿಯನ್ನು ಮೂರು ವರ್ಷ ನೆರಳಲ್ಲಿ ಒಣಗಿಸದೆ ಮುಟ್ಟುತ್ತಿರಲಿಲ್ಲ. ಪಾಂಡವಪುರಕ್ಕೆ ಕಬ್ಬು ಹೊರುವ ಗಾಡಿಯವರು ಬಂದು ಅವಸರ ಮಾಡಿದರೆ, "ತಡೀರಿ, ಮರ ಇನ್ನೂ ಒಪ್ಪಿಲ್ಲ" ಎನ್ನುವನು. ಹಬ್ಬಕ್ಕೆ ಮಾತ್ರ ತೊಡುವ ಕರಿಕೋಟೊಂದಿತ್ತು. ಎಲೆ ಬಚ್ಚಿಟ್ಟನೆಂಬ ಮಾತು ಬರಬಾರದೆಂದು ಅದರ ತೋಳನ್ನು ಮೊಣಕೈಯ ಮೇಲಕ್ಕೆ ಮಡಿಸಿಯೇ ಆಟಕ್ಕೆ ಕೂರುತ್ತಿದ್ದ.

ಯುಗಾದಿಯ ಮಧ್ಯಾಹ್ನ ಹೋಳಿಗೆಯುಂಡ ಗಂಡಸರು ಇಸ್ಪೀಟಿಗೆ ಕೂರುವುದು ಅಲ್ಲಿಯ ವಾಡಿಕೆ. ಅಂದು ಹೆಂಗಸರೂ ಬೈಯುತ್ತಿರಲಿಲ್ಲ. ಆಚಾರಿಯ ಜಗುಲಿಯಲ್ಲಿ ಪಣ ಬರೀ ಹುಣಸೆಬೀಜ. ಬೀಜ ತೀರಿದವನು ಗೆದ್ದವನ ಮನೆಯಲ್ಲಿ ಒಂದು ದಿನ ದುಡಿಯಬೇಕು, ಅಷ್ಟೇ. ಒಂದು ವರ್ಷ ಕಾಳಾಚಾರಿ ಮೂರು ರಾಜರನ್ನು ಅಂಗೈಯಡಿ ಇಟ್ಟುಕೊಂಡು, ಐದು ಸುತ್ತು ಒಂದೊಂದೇ ಬೀಜ ಹಾಕುತ್ತ ಎಲ್ಲರನ್ನೂ ಉಳಿಸಿಕೊಂಡು, ಆರನೆಯ ಸುತ್ತಿಗೆ ಏರಿಸಿ ರಾಶಿಯನ್ನೇ ಬಾಚಿಕೊಂಡಿದ್ದ. ಅಂದಿನಿಂದ ಅಂಗಡಿಯ ರಂಗಸ್ವಾಮಿ, "ಆಚಾರಿ ಬೀಜ ಏರಿಸ್ದಾ ಅಂದ್ರೆ ಎಲೆ ಮಡುಗಿ ಎದ್ದೋಗದೇ ವಾಸಿ ಕಣ್ರಪ್ಪ" ಎನ್ನುತ್ತಿದ್ದ. ಆ ಮಾತಿನ ಗೌರವವೇ ಕಾಳಾಚಾರಿಗೆ ಭಾರವಾಯಿತು. ಸಾಧಾರಣ ಎಲೆಗೆ ಏರಿಸಿ ಆ ಗೌರವವನ್ನು ಪೋಲು ಮಾಡಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ.

ಅರವತ್ತಮೂರನೆಯ ಇಸವಿಯ ಯುಗಾದಿಯಲ್ಲಿ ಅವನಿಗೆ ಬಂದದ್ದು ಒಂಬತ್ತರ ಜೋಡಿ, ಜೊತೆಗೊಂದು ನಾಲ್ಕು. ಒಳ್ಳೆಯದೂ ಅಲ್ಲದ, ಬಿಸಾಡುವಂಥದ್ದೂ ಅಲ್ಲದ ಎಲೆ. ಎದುರಿಗೆ ಹೊಲದ ನೆರೆಯವನಾದ ಶಿವಲಿಂಗಯ್ಯ ತನ್ನ ಎಲೆಗಳನ್ನು ನೋಡಿ ಮಡಿಸಿದ. ಮತ್ತೆ ತೆರೆದು ನೋಡಿದ. ಗಟ್ಟಿ ಎಲೆಯಿದ್ದವನು ಎರಡು ಸಲ ನೋಡುವುದಿಲ್ಲವೆಂದು ಕಾಳಾಚಾರಿ ಬಲ್ಲ. ನಾಲ್ಕು ಬೀಜ ಎಸೆಯಬೇಕಾದ ಗಳಿಗೆ ಅದೇ ಎಂದೂ ಬಲ್ಲ. ಬೆರಳು ಬೀಜಗಳ ಮೇಲೆ ಹೋಯಿತು, ನಾಲ್ಕನ್ನು ಕೂಡಿಸಿತು, ಮೂರನ್ನು ಬಿಟ್ಟು ಒಂದನ್ನೇ ಎತ್ತಿ ಹಾಕಿತು.

ಎರಡನೆಯ ಸುತ್ತಿಗೂ ಒಂದೇ. ಆ ಒಂಟಿ ಬೀಜಗಳನ್ನು ಕಂಡು ಶಿವಲಿಂಗಯ್ಯನ ಮುಖ ನಿಧಾನವಾಗಿ ಅರಳಿತು. ಅವನು ಏರಿಸಿದ. ರಂಗಸ್ವಾಮಿ ಎಲೆ ಕೆಳಗಿಟ್ಟ. ಈಗ ಕಾಳಾಚಾರಿಯೂ ಏರಿಸಿದ. ಸುತ್ತಿನಿಂದ ಸುತ್ತಿಗೆ ಏರುತ್ತ ಇಬ್ಬರ ಬೀಜವೂ ತೀರಿತು.

"ನಾಲೆ ಏರಿ ಮ್ಯಾಲಿನ ಜಾಲಿಮರ ಮಡಗ್ತೀನಿ" ಎಂದ ಶಿವಲಿಂಗಯ್ಯ. "ನೀನು ಬಾಚಿ ಮಡುಗ್ಲಾ ನೋಡಾನ."

ಆ ಮರದ ಮೇಲೆ ಕಾಳಾಚಾರಿಗೆ ಐದು ವರ್ಷದಿಂದ ಕಣ್ಣಿತ್ತು. ಮೂರು ಗಾಡಿಗಾಗುವ ನೆಟ್ಟನೆಯ ಮರ. ಬಾಚಿಯೋ, ಅಜ್ಜನ ಕಾಲದಿಂದ ಬಂದು ಆ ಮನೆಯ ಅನ್ನ ದುಡಿದ, ಮರ ಕೆತ್ತುವ ಹತಾರ.

ಬಾಗಿಲಲ್ಲಿದ್ದ ಹೆಂಡತಿ ಮಾಯಮ್ಮ, "ಬೀಜದಾಟಕ್ಕೆ ಬಾಚಿ ಯಾಕೆ? ಎದ್ದು ಬನ್ನಿ ಒಳಕ್ಕೆ" ಎಂದಳು.

ಕಾಳಾಚಾರಿಯ ಹಣೆಯ ಬೆವರು ಕೋಟಿನ ಮೇಲೆ ತೊಟ್ಟಿಕ್ಕಿತು. ಶಿವಲಿಂಗಯ್ಯ ಎರಡು ಸಲ ನೋಡಿದ್ದನಲ್ಲ. ಕಾಳಾಚಾರಿ ಎದ್ದುಹೋಗಿ ಬಾಚಿ ತಂದು ಬೀಜದ ರಾಶಿಯ ಪಕ್ಕದಲ್ಲಿಟ್ಟ.

ಎಲೆ ತೆರೆದಾಗ ಶಿವಲಿಂಗಯ್ಯನದು ಹತ್ತರ ಜೋಡಿ, ಒಂದೇ ಅಂಕಿ ಮೇಲು.

"ಮೊದ್ಲೇ ಸುತ್ತಲ್ಲಿ ನಾಕು ಬೀಜ ಎಸ್ದಿದ್ರೆ ನಾನು ಎಲೆ ಮಡುಗಿಬುಡ್ತಿದ್ದೆ ಕಣ್ಲಾ" ಎಂದು ಅವನು ಬಾಚಿಯನ್ನು ಹೆಗಲಿಗೇರಿಸಿದ.

ಎರಡು ದಿನ ಊರಿನ ಮರಗೆಲಸ ನಿಂತುಹೋಯಿತು. ಮೂರನೆಯ ಬೆಳಿಗ್ಗೆ ವರ್ಷದ ಮೊದಲ ಉಳುಮೆಗೆ ಹೊರಟ ಶಿವಲಿಂಗಯ್ಯನ ನೇಗಿಲಿನ ಬೆಣೆಯೇ ಸಡಿಲ. ನೇಗಿಲನ್ನೂ ಬಾಚಿಯನ್ನೂ ಹೊತ್ತು ಅವನೇ ಬಂದ.

"ತಕ್ಕಳಪ್ಪಾ, ಒಂದು ಬೆಣೆ ಕೆತ್ಕೊಡು."

"ಸೋತಿದ್ದನ್ನ ನಾನು ಮುಟ್ಟಾಕಿಲ್ಲ ಕಣಣ್ಣ. ಗೆದ್ದೋನು ನೀನು, ನೀನೇ ಕೆತ್ಕೊ."

ಶಿವಲಿಂಗಯ್ಯನಿಗೂ ರೇಗಿತು. ಅಂಗಳದಲ್ಲಿ ಬಿದ್ದಿದ್ದ ಜಾಲಿಯ ತುಂಡನ್ನು ಕಾಲಡಿ ಅದುಮಿ ಬಾಚಿಯೆತ್ತಿದ. ಏಟು ಬೀಳಲಿದ್ದದ್ದು ಕಲ್ಲಿನಂಥ ಗಂಟಿನ ಮೇಲೆ. ಬಾಚಿ ಮೇಲಿರುವಾಗಲೇ ಕಾಳಾಚಾರಿ ಜಗುಲಿಯಿಂದ ಧುಮುಕಿ ಅವನ ಮಣಿಕಟ್ಟು ಹಿಡಿದಿದ್ದ.

"ಗಂಟಿಗೆ ಕೊಡಬ್ಯಾಡ ಕಣಣ್ಣ, ಬಾಚಿ ಬಾಯಿ ಮುಕ್ಕಾಯ್ತದೆ."

ಬೆಣೆಯನ್ನು ಕಾಳಾಚಾರಿಯೇ ಕೆತ್ತಿದ. ಶಿವಲಿಂಗಯ್ಯ ನೇಗಿಲನ್ನು ಮಾತ್ರ ಹೊತ್ತು ಹೊರಟಾಗ, "ಬಾಚಿ ಬುಟ್ಟೋಯ್ತಾ ಇದ್ದೀಯ" ಎಂದು ಕೂಗಿದ.

"ನಂದೇ ಕಣ್ಲಾ ಅದು. ನಿನ್ ತಾವು ಮಡಗಿವ್ನಿ, ಅಷ್ಟೇಯ."

ಕೊನೆಯವರೆಗೂ ಅದನ್ನು ಕಾಳಾಚಾರಿ ಶಿವಲಿಂಗಣ್ಣನ ಬಾಚಿಯೆಂದೇ ಹೇಳಿದ. ಅವನ ನೇಗಿಲಿನ ಕೆಲಸಕ್ಕೆ ಕೂಲಿ ಮುಟ್ಟಲಿಲ್ಲ.

ಕಾಯುವುದನ್ನೇ ಕಸುಬಾಗಿಸಿಕೊಂಡ ಇಂಥವರಿಗೆ ತಮ್ಮ ಲಾಭದ ಗಳಿಗೆ ಕಣ್ಣೆದುರೇ ಹಾದುಹೋಗುತ್ತದೆ. ಕಂಡರೂ ಕೈ ಏಳುವುದಿಲ್ಲ. ಅವರನ್ನು ಮಂದರೆನ್ನುವುದು ಸುಲಭ. ಆದರೆ ತಮ್ಮದಾಗಿರಲಿ, ಪರರದಾಗಿರಲಿ, ಒಂದು ಒಳ್ಳೆಯ ವಸ್ತು ಕೆಡುವ ಹೊತ್ತು ಬಂದಾಗ, ಜಗತ್ತಿನ ಚುರುಕಿನವರೆಲ್ಲ ಇನ್ನೂ ನೋಡುತ್ತಿರುವಾಗಲೇ ಅವರು ಎದ್ದಿರುತ್ತಾರೆ.